ಅಣ್ಣನನ್ನು ಹುಡುಕಿ ಹೊರಟ ವಸ್ತಾದ ಭರಮಣ್ಣ

ಬಹಳ ಹಿಂದಿನ ಮಾತು. ಎಷ್ಟು ಹಿಂದಿನದು ಅಂತ ಕೇಳಬೇಡಿ, ನನಗೆ ಹೇಳಿದ ನಮ್ಮಜ್ಜನಿಗೂ ಅದು ಗೊತ್ತಿರಲಿಲ್ಲ. ಹೊಳೆ ದಂಡೆಯ ಮೇಲೆ ಬೆಣಚಿನಾಳ ಅಂತ ಒಂದು ಊರಿತ್ತು. ಆ ಊರಿನ ಗರಡಿಯಲ್ಲಿ ಭರಮಣ್ಣ ಅಂತ ಒಬ್ಬ ವಸ್ತಾದ ಇದ್ದನಂತೆ. ಕುಸ್ತಿ ಕಲಿಸುವವನನ್ನು ನಮ್ಮ ಕಡೆ ವಸ್ತಾದ ಅಂತೀವಿ. ಅವನು ಹುಡುಗರಿಗೆ ಪಟ್ಟು ಕಲಿಸುತ್ತಿದ್ದ, ಉಳುಕಿದ ಕೈಕಾಲು ತಿಕ್ಕಿ ನೆಟ್ಟಗೆ ಮಾಡುತ್ತಿದ್ದ. ಆದರೆ ಅವನ ಹೆಸರು ಉಳಿದದ್ದು ಅದಕ್ಕಲ್ಲ. ಗಂಡಸರು ಯಾರ ಮುಂದೆಯೂ ಬಾಯಿ ಬಿಡದ ಒಂದು ಕಷ್ಟ ಇದೆಯಲ್ಲ, ಹೆಂಡತಿಯ ಹತ್ತಿರ ಹೋದಾಗ ಮೈ ಮಾತು ಕೇಳದೆ ಹೋಗುವುದು, ಅಂಗ ಎದ್ದು ನಿಲ್ಲದೆ ಹೋಗುವುದು, ಅದು ಯಾಕಾಗುತ್ತದೆ ಅಂತ ಕೇಳಿಕೊಂಡು ಅವನು ಊರೂರು ತಿರುಗಿದ. ಅದಕ್ಕೆ ಉಳಿಯಿತು. ಹೆಂಗಸರೂ ಕೂತು ಕೇಳಿ, ಎದ್ದು ಹೋಗಬೇಡಿ. ಇದು ನಿಮ್ಮದೂ ಕಥೆಯೇ.

ಭರಮಣ್ಣ ಒಂದು ಕಡೆ ನೆಲೆ ನಿಂತದ್ದನ್ನು ಕಂಡವರಿಲ್ಲ ಅಂತಾರೆ. ರೊಟ್ಟಿಯನ್ನು ಕೈಯಲ್ಲಿ ಹಿಡಿದು ಅಂಗಳದಲ್ಲಿ ಅಡ್ಡಾಡುತ್ತಲೇ ತಿನ್ನುತ್ತಿದ್ದನಂತೆ. ಯಾರಾದರೂ ಮಾತಾಡಿಸಿದರೆ ಅವನ ಕಣ್ಣು ದಾರಿಯ ಮೇಲೇ ಇರುತ್ತಿತ್ತಂತೆ. ಹುಟ್ಟಿನಿಂದ ಹಾಗಿರಲಿಲ್ಲ. ಅವನ ಅಣ್ಣ ಮನೆ ಬಿಟ್ಟು ಹೋದ ಮೇಲೆ ಹಾಗಾದ.

ಅಣ್ಣನ ಹೆಸರು ಅಡಿವೆಪ್ಪ. ಅಡಿವೆಪ್ಪ ಪೈಲ್ವಾನ ಕಣಕ್ಕೆ ಇಳಿದರೆ ಹೊಳೆಯ ಆಚೆ ದಂಡೆಯವರೂ ಈಜಿಕೊಂಡು ನೋಡಲು ಬರುತ್ತಿದ್ದರಂತೆ. ಮೀಸೆ ಮೂಡುವ ಮೊದಲೇ ಗರಡಿ ಸೇರಿದವನು. ಆಗ ಅಲ್ಲಿದ್ದ ಮುದಿ ವಸ್ತಾದ ದಿನಾ ಒಂದೇ ಪಾಠ ಹೇಳುತ್ತಿದ್ದ: ಹೆಣ್ಣನ್ನು ನೆನೆದರೆ ಸಾಕು, ತೋಳಿನ ಶಕ್ತಿ ಸೋರಿ ಹೋಗುತ್ತದೆ. ಅಡಿವೆಪ್ಪ ಅದನ್ನು ನಂಬಿದ. ಕನಸಿನಲ್ಲಿ ಮೈ ಬಿಸಿಯಾದರೂ ಬೆಳಿಗ್ಗೆ ಎದ್ದು ತಣ್ಣೀರಲ್ಲಿ ಮುಳುಗಿ, ಉಪವಾಸ ಬಿದ್ದು, ತನ್ನನ್ನು ತಾನೇ ಶಿಕ್ಷಿಸಿಕೊಳ್ಳುತ್ತಿದ್ದ. ಹಾಗೆ ಬೆಳೆದವನಿಗೆ ಒಂದು ದಿನ ಮದುವೆ ಮಾಡಿದರು. ಹುಡುಗಿಯ ಹೆಸರು ತಂಗೆವ್ವ. ನಿನ್ನೆಯವರೆಗೆ ಹೆಣ್ಣು ಅಂದರೆ ನಾಶ ಅಂತ ಹೇಳಿದ ಊರು, ಇವತ್ತು ಅವನನ್ನು ಕೋಣೆಗೆ ದೂಡಿ ಬಾಗಿಲು ಹಾಕಿತು. ಬಾಗಿಲ ಹೊರಗೆ ಹಾಡು ಹೇಳುವ ಹೆಂಗಸರು, ಕಿಸಿಕಿಸಿ ನಗುವ ಗೆಳೆಯರು, ಕಿವಿಗೊಟ್ಟು ಕೂತ ತಾಯಿ.

ಅಡಿವೆಪ್ಪನ ಮೈ ಮಾತು ಕೇಳಲಿಲ್ಲ. ಮರುದಿನವೂ ಕೇಳಲಿಲ್ಲ. ದಿನ ಕಳೆದಂತೆ ಹೆದರಿಕೆ ಹೆಚ್ಚಿತು, ಹೆದರಿಕೆ ಹೆಚ್ಚಿದಂತೆ ಮೈ ಇನ್ನೂ ತಣ್ಣಗಾಯಿತು. ತಾಯಿ ಬೆಳಿಗ್ಗೆ ಎದ್ದ ಕೂಡಲೇ ಸೊಸೆಯ ಮುಖ ನೋಡುತ್ತಿದ್ದಳು, ಮುಖದಲ್ಲಿ ಏನೂ ಕಾಣದೆ ಗೊಣಗುತ್ತಿದ್ದಳು. ತಾಯಿತ ಕಟ್ಟಿಸಿದಳು. ಸಂತೆಯಲ್ಲಿ ಹಲ್ಲಿ ಎಣ್ಣೆ ಮಾರುವವನ ಹತ್ತಿರ ಎಣ್ಣೆ ತರಿಸಿದಳು. ಕೊನೆಗೆ ಓಣಿಯ ಹೆಂಗಸರ ಮುಂದೆ ಅಂದುಬಿಟ್ಟಳಂತೆ:

"ಎಂಥೆಂಥವರನ್ನ ಎತ್ತಿ ಒಗದಾನ ನನ್ನ ಮಗ. ಅವನಿಗೇನಾಗೈತಿ? ದೋಷ ಇಕಿದ. ತವರಿಗೆ ಕಳಸ್ತೇನಿ."

ಆ ಮಾತು ಅಡಿವೆಪ್ಪನ ಕಿವಿಗೆ ಬಿತ್ತು. ಮಾರನೇ ದಿನ ಬೆಳಕು ಹರಿಯುವಾಗ ಗರಡಿಗೆ ಹೋಗುತ್ತೇನೆ ಅಂತ ಹೋದವನು ಗರಡಿಗೂ ಹೋಗಲಿಲ್ಲ, ಮನೆಗೂ ಬರಲಿಲ್ಲ.

ಊರವರು ಹೊಳೆಯಲ್ಲಿ ಹುಡುಕಿದರು. ಬಾವಿಗಳಲ್ಲಿ ಪಾತಾಳಗರಡಿಯ ಕೊಕ್ಕೆ ಇಳಿಬಿಟ್ಟು ನೋಡಿದರು. ಯಾರೋ ಗಾಳಿ ಹಿಡಿದಿತ್ತು ಅಂದರು, ಯಾರೋ ಸನ್ಯಾಸಿಯಾದ ಅಂದರು. ನಿಜವಾಗಿ ಯಾಕೆ ಹೋದ ಅಂತ ಒಬ್ಬರಿಗೂ ತಿಳಿಯಲಿಲ್ಲ. ಭರಮಣ್ಣನಿಗೂ ತಿಳಿಯಲಿಲ್ಲ.

ತಿಳಿದಿದ್ದು ತಂಗೆವ್ವನಿಗೆ ಒಬ್ಬಳಿಗೇ. ಅವಳು ಗಂಟು ಕಟ್ಟಿಕೊಂಡು ತವರಿಗೆ ಹೊರಟ ದಿನ ಭರಮಣ್ಣ ಅವಳನ್ನು ಹೊಳೆ ದಾಟಿಸಲು ಹೋದ. ಇಬ್ಬರೂ ಮರಳಿನಲ್ಲಿ ನಡೆಯುತ್ತಿದ್ದರು. ಅವಳು ಮುಂದೆ, ಅವನು ಹಿಂದೆ. ಅವಳು ತಿರುಗಿ ನೋಡದೆ ಹೇಳಿದಳಂತೆ:

"ಭರಮಣ್ಣಾ, ಯಾರ ಮುಂದೂ ಹೇಳಬಾರದಂತ ಇದ್ದೆ. ನಿಮ್ಮಣ್ಣ ನನ್ನ ಕೂಡ ಸಂಸಾರ ಮಾಡಲಿಲ್ಲ. ಮಾಡಾಕ ಆಗಲಿಲ್ಲ ಅವರಿಗೆ. ರೋಗ ಅಲ್ಲ ಅದು, ಹೆದರಿದ್ರು. ನಾ ಕೈ ಹಿಡದ್ರ ಗ್ವಾಡಿ ಕಡೆ ಹೊಳ್ಳಿ ಮಲಗತಿದ್ರು."

ನೀರಿಗೆ ಇಳಿಯುವ ಮುಂಚೆ ಅವಳು ಮತ್ತೆ ಅಂದಳು:

"ಎಲ್ಲಿಯರ ಸಿಕ್ಕರ ಅವರಿಗೆ ಹೇಳು. ನನಗ ಸಿಟ್ಟಿಲ್ಲ. ನನ್ನ ಬೈಯಾಕ ಹತ್ತಿದ್ರಂತ ಅವರು ಹೋಗಿದ್ದು, ಅದೂ ನನಗ ಗೊತ್ತೈತಿ."

ಅವಳನ್ನು ಆಚೆ ದಂಡೆಗೆ ಬಿಟ್ಟು ಭರಮಣ್ಣ ತಿರುಗಿ ಬರಲಿಲ್ಲ. ಅಲ್ಲಿಂದಲೇ ನಡೆದ. ಕಾಲು ನಿಲ್ಲಲಿಲ್ಲ ಅವನಿಗೆ. ಒಂದು ಊರು ಬಂದರೆ ಇನ್ನೊಂದು ಊರಿನಲ್ಲಿ ಅಣ್ಣ ಇದ್ದಾನೇನೋ ಅನಿಸುತ್ತಿತ್ತು, ಅಲ್ಲಿಗೆ ಹೋದರೆ ಹಿಂದಿನ ಊರಿನಲ್ಲೇ ಸರಿಯಾಗಿ ಹುಡುಕಲಿಲ್ಲವೇನೋ ಅನಿಸುತ್ತಿತ್ತು. ಹೀಗೆ ಹೋದ, ಹಾಗೆ ಬಂದ. ಪೈಲ್ವಾನನನ್ನು ಹುಡುಕಬೇಕಾದರೆ ಗರಡಿಗೆ ತಾನೇ ಹೋಗಬೇಕು? ಪ್ರತಿ ಊರಿನ ಗರಡಿಗೂ ಹೋದ. ಅಲ್ಲಿ ಮೈಕೈ ನೋವಿನವರನ್ನು ಹಲಗೆಯ ಮೇಲೆ ಬೋರಲು ಮಲಗಿಸಿ ಬೆನ್ನು ತಿಕ್ಕುತ್ತಿದ್ದ. ಅವರು ಕೊಟ್ಟ ರೊಟ್ಟಿ ತಿನ್ನುತ್ತಿದ್ದ. ತಿಕ್ಕುತ್ತಾ ಕೇಳುತ್ತಿದ್ದ: ಇಂಥ ಪೈಲ್ವಾನನನ್ನು ಕಂಡೀರಾ? ಯಾಕೆ ಊರು ಬಿಟ್ಟ ಅಂತ ಅವರು ಕೇಳುತ್ತಿದ್ದರು. ಮೊದಮೊದಲು ಏನೋ ಹಾರಿಸಿ ಹೇಳುತ್ತಿದ್ದ. ಒಂದು ದಿನ, ಬೇಸತ್ತು, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟ.

ಹಲಗೆಯ ಮೇಲೆ ಮಲಗಿದ್ದವನ ಬೆನ್ನು ಬಿಗಿಯಾಯಿತು. ಮುಖ ಕೆಳಗೆ ಮಾಡಿಕೊಂಡೇ ಅವನು ಅಂದನಂತೆ:

"ನಂದೂ ಹಂಗ ಐತಿ, ವಸ್ತಾದ."

ಅಲ್ಲಿಂದ ಶುರುವಾಯಿತು ನೋಡಿ. ಭರಮಣ್ಣ ಹೋದ ಊರಲ್ಲೆಲ್ಲ ಅಣ್ಣನ ಕಥೆ ಹೇಳಿದ, ಹೋದ ಊರಲ್ಲೆಲ್ಲ ಒಬ್ಬನಾದರೂ ನಂದೂ ಹಂಗ ಐತಿ ಅಂದ. ಬೋರಲು ಮಲಗಿದವನಿಗೆ ಎದುರಿನವನ ಮುಖ ಕಾಣುವುದಿಲ್ಲವಲ್ಲ, ಅದಕ್ಕೇ ಮಾತು ಬರುತ್ತಿತ್ತು ಅಂತಾರೆ. ಆದರೆ ಎಲ್ಲರದೂ ಅಣ್ಣನ ಹಾಗೆ ಹೆದರಿಕೆಯಲ್ಲ. ಒಬ್ಬನಿಗೆ ಮೊದಲು ಎಲ್ಲ ಸರಿ ಇತ್ತು, ಬರಬರುತ್ತಾ ಹೋಯಿತು. ಒಬ್ಬನಿಗೆ ಮಗು ತೀರಿಕೊಂಡ ಮೇಲೆ ಹೋಯಿತು. ಒಬ್ಬ ಹೊತ್ತು ಮೂಡಿದಾಗಿನಿಂದ ಸೆರೆ ಕುಡಿಯುವವನು. ಭರಮಣ್ಣನಿಗೆ ತಲೆ ಕೆಟ್ಟಂತಾಯಿತು. ದಾರಿಯಲ್ಲಿ ಸಿಕ್ಕ ಹಕೀಮರನ್ನು ಕೇಳಿದ, ವೈದ್ಯರನ್ನು ಕೇಳಿದ, ಸೂಲಗಿತ್ತಿಯರನ್ನೂ ಬಿಡಲಿಲ್ಲ. ಒಬ್ಬ ಮುದುಕ ಹಕೀಮ ಸಾಹೇಬರು ಹೇಳಿದರಂತೆ:

"ಬೇಟಾ, ಇದಕ್ಕ ಒಂದು ಮದ್ದು ಅಂತ ಯಾರರ ಕೊಟ್ಟರ ಓಡಿ ಹೋಗು. ಮದ್ದಲ್ಲ, ಮೊದಲು ಕಾರಣ ಹುಡಕಬೇಕು. ನಿದ್ದಿ ಹೆಂಗ ಬರ್ತದ ಕೇಳು. ದಿಬ್ಬ ಏರಿದರ ಎದಿ ಹಿಡೀತದೇನು ಕೇಳು. ಉಚ್ಚಿ ಹೊಯ್ದ ಜಾಗಕ್ಕ ಇರಿವಿ ಬರ್ತಾವೇನು ಕೇಳು, ಬಂದರ ಸಿಹಿಮೂತ್ರ, ಅದು ನರಾನೂ ತಿಂತದ. ಬೆಳಗಾಗಿ ಏಳೂ ಹೊತ್ತಿನ್ಯಾಗ ಮೈ ತಾನಾಗಿ ಏಳತದೇನು, ಅದನ್ನೂ ಕೇಳು. ಏಳತಿದ್ದರ ಮೈ ಸರಿ ಅದ, ಮನಸಿಗೆ ಏನೋ ಆಗೇದ."

ಆ ಮೇಲೆ ಭರಮಣ್ಣ ಹಾಗೇ ಕೇಳಿದ. ಈಚಲ ಮರದಿಂದ ಬಿದ್ದು ಸೊಂಟ ಮುರಿದುಕೊಂಡವನೊಬ್ಬ ಬಂದ. ಬೆನ್ನು ಮುಟ್ಟಿ ನೋಡಿದ ಭರಮಣ್ಣ ಇದು ನನ್ನ ಕೈಯಲ್ಲಿ ಆಗುವುದಲ್ಲ ಅಂದ. ಹಾಗಂದು ಸುಮ್ಮನಾಗಲಿಲ್ಲ, ಅವನ ಹೆಂಡತಿಯನ್ನು ಕರೆಸಿ ಇಬ್ಬರ ಮುಂದೆಯೂ ಹೇಳಿದ: ಬೆನ್ನಿನ ನರಕ್ಕೆ ಪೆಟ್ಟಾಗಿದೆ, ಇವನ ಮನಸ್ಸಿಗೇನೂ ಆಗಿಲ್ಲ. ಆ ಹೆಂಗಸು ಅಲ್ಲೇ ನೆಲಕ್ಕೆ ಕುಸಿದು ಅತ್ತಳಂತೆ.

"ಯಾರರ ಒಬ್ಬರು ಹೇಳಿದ್ರಲ್ಲಪ್ಪ. ಇಷ್ಟು ದಿನಾ ನಾ ಅವರಿಗೆ ಬ್ಯಾಡಾಗೇನಿ ಅನಕೊಂಡಿದ್ದೆ."

ಗದಿಗೆಪ್ಪ ಅಂತ ಒಬ್ಬ ಬಂಡಿ ಹೊಡೆಯುವವ ಇದ್ದ. ಒಳ್ಳೆ ದಪ್ಪ ಆಳು, ಬಾಯಲ್ಲಿ ಚುಟ್ಟಾ ಆರುತ್ತಿರಲಿಲ್ಲ. ದಿಬ್ಬದಲ್ಲಿ ಎತ್ತಿನ ಜೊತೆ ನಡೆದರೆ ಅರ್ಧದಲ್ಲಿ ನಿಂತು ಎದೆ ತಿಕ್ಕಿಕೊಳ್ಳುತ್ತಿದ್ದ. ಭರಮಣ್ಣ ಅವನಿಗೆ ಹೇಳಿದ: ಗದಿಗೆಪ್ಪ, ಕೆಳಗೆ ಹೋಗುವ ರಕ್ತದ ದಾರಿ ಸಣ್ಣದು, ಎದೆಯದು ಸ್ವಲ್ಪ ದೊಡ್ಡದು. ಕಟ್ಟಿಕೊಳ್ಳುವುದು ಮೊದಲು ಸಣ್ಣದು. ಈಗ ಕೆಳಗೆ ಆಗಿದ್ದು ನಾಳೆ ಎದೆಗೆ ಆಗುತ್ತದೆ. ಚುಟ್ಟಾ ಬಿಡು, ಹೊರೆ ಎತ್ತಬೇಡ, ವೈದ್ಯರ ಹತ್ತಿರ ಹೋಗು. ಗದಿಗೆಪ್ಪ ಹೊಟ್ಟೆ ಹಿಡಿದು ನಕ್ಕ. ನಾನು ಕೇಳಿದ್ದು ಎಲ್ಲಿಯದು, ನೀನು ಹೇಳುವುದು ಎಲ್ಲಿಯದು ಅಂದ. ಸಂತೆಗೆ ಹೋಗಿ ಹಲ್ಲಿ ಎಣ್ಣೆ ತಂದುಕೊಂಡ.

ಸುಗ್ಗಿ ಮುಗಿದ ಮೇಲೆ ಭರಮಣ್ಣ ಅದೇ ದಾರಿಯಲ್ಲಿ ಬಂದಾಗ ಅದೇ ಬಂಡಿ ಎದುರಾಯಿತು. ಅವೇ ಎತ್ತುಗಳು. ಹೊಡೆಯುತ್ತಿದ್ದವಳು ಗದಿಗೆಪ್ಪನ ಹೆಂಡತಿ. ಅವಳ ಹಣೆ ಬೋಳಾಗಿತ್ತು.

ಅವತ್ತಿನಿಂದ ಅವನ ಚಡಪಡಿಕೆ ಇನ್ನೂ ಹೆಚ್ಚಾಯಿತು ಅಂತಾರೆ. ಗಟ್ಟಿಯಾಗಿ ಹೇಳಬೇಕಾಗಿತ್ತು, ಕೈ ಹಿಡಿದು ವೈದ್ಯರ ಮನೆಗೆ ಎಳೆದುಕೊಂಡು ಹೋಗಬೇಕಾಗಿತ್ತು ಅಂತ ತನ್ನಷ್ಟಕ್ಕೆ ಮಾತಾಡಿಕೊಂಡು ನಡೆಯುತ್ತಿದ್ದನಂತೆ. ಮುಂದೆ ದೇಸಾಯರ ದೊಡ್ಡ ವಾಡೆ ಮನೆಯಲ್ಲಿ ಅವನು ಆತುರಪಟ್ಟಿದ್ದು ಅದಕ್ಕೇ.

ಆ ಸೀಮೆಗೆ ದೇಸಾಯರೇ ದೊರೆ. ಇಬ್ಬರು ಹೆಂಡಿರಿದ್ದರು, ಇಬ್ಬರಿಗೂ ಮಕ್ಕಳಿರಲಿಲ್ಲ. ಇಬ್ಬರನ್ನೂ ಬಂಜೆಯರು ಅಂತ ಹಿತ್ತಲ ಮನೆಗೆ ಹಾಕಿದ್ದರು. ಈಗ ಮೂರನೆಯವಳನ್ನು ತರುವುದು ಅಂತ ಗೊತ್ತಾಗಿತ್ತು. ನೇಯುವವರ ಮನೆಯ ಹುಡುಗಿ, ಇನ್ನೂ ಗೆಳತಿಯರ ಜೊತೆ ಕುಂಟಾಬಿಲ್ಲೆ ಆಡುತ್ತಿದ್ದವಳು. ಅವಳ ತಂದೆ ತಾಯಿ ಅಳುತ್ತಾ ಒಪ್ಪಿದ್ದರು, ದೇಸಾಯರಿಗೆ ಇಲ್ಲ ಅನ್ನುವವರು ಯಾರು? ಮದುವೆಗೆ ಮುಂಚೆ ಮೈ ಹದವಾಗಲಿ ಅಂತ ದೇಸಾಯರು ಭರಮಣ್ಣನನ್ನು ತಿಕ್ಕಲು ಕರೆಸಿದರು.

ಅಂಗಾಲು ತಿಕ್ಕುವಾಗ ಭರಮಣ್ಣನ ಕೈಗೆ ಏನೋ ಚುಚ್ಚಿತು.

"ದೇಸಾಯರ, ಇಲ್ಲಿ ಮುಳ್ಳು ಮುರದೈತ್ರಿ. ಕೀವು ಆಗೈತಿ. ನೋಯೂದಿಲ್ಲೇನ್ರಿ?"

"ಎಲ್ಲೈತೋ ಮುಳ್ಳು? ನನಗೇನೂ ಗೊತ್ತಾಗವಲ್ದು."

ಭರಮಣ್ಣನಿಗೆ ಹಕೀಮರ ಮಾತು ನೆನಪಾಯಿತು. ನೀರಡಿಕೆ ಎಷ್ಟು ಅಂತ ಕೇಳಿದ. ಎಷ್ಟು ಕುಡಿದರೂ ಸಾಲದು ಅಂದರು. ಹಿತ್ತಲಿಗೆ ಎಷ್ಟು ಸಲ ಹೋಗುತ್ತೀರಿ ಅಂತ ಕೇಳಿದ. ಹೋಗಿ ಬಂದು ಸಾಕಾಗುತ್ತದೆ ಅಂದರು. ಅಲ್ಲಿ ಇರುವೆ ಬರುತ್ತವೆಯಾ ಅಂತ ಕೇಳಿದ. ಎಣ್ಣೆ ಬಟ್ಟಲು ಹಿಡಿದು ನಿಂತಿದ್ದ ಆಳು ಹೌದೆಂದು ತಲೆ ಆಡಿಸಿದ. ಭರಮಣ್ಣನ ಕಣ್ಣ ಮುಂದೆ ಆ ಬಂಡಿ ಬಂತು, ಆ ಬೋಳು ಹಣೆ ಬಂತು. ಆಳುಗಳಿದ್ದಾರೆ ಅನ್ನುವುದನ್ನೂ ಮರೆತು ಅಂದುಬಿಟ್ಟ:

"ಮದುವಿ ಬಿಡ್ರಿ ದೇಸಾಯರ. ಮೂರನೇದಾಕಿ ಬಂದ್ರೂ ಇದು ಹಿಂಗ ಇರತೈತಿ. ದೋಷ ಒಳಗಿನ ಹೆಣ್ಣಮಕ್ಕಳದಲ್ಲ. ನಿಮಗ ಸಿಹಿಮೂತ್ರದ ಬ್ಯಾನಿ ಐತಿ. ಅದು ಕಾಲಿನ ನರಾನೂ ತಿಂದೈತಿ, ಗಂಡಸ್ತನಾನೂ ತಿಂದೈತಿ."

ದೇಸಾಯರು ಎದ್ದು ನಿಂತರು. ಅವರ ಮುಖ ನೋಡಲು ಯಾರಿಗೂ ಧೈರ್ಯವಾಗಲಿಲ್ಲ. ಮದುವೆ ಮುಗಿದ ಮೇಲೆ ಇವನ ನಾಲಗೆ ಕೀಳಿಸುತ್ತೇನೆ ಅಂದರು. ಆಳುಗಳು ಭರಮಣ್ಣನನ್ನು ಎಳೆದುಕೊಂಡು ಹೋಗಿ ಕುದುರೆ ಲಾಯದಲ್ಲಿ ಕಂಬಕ್ಕೆ ಕಟ್ಟಿದರು. ಒಂದು ಗಳಿಗೆ ನಿಲ್ಲದವನನ್ನು ಕಟ್ಟಿ ಹಾಕಿದರೆ ಹೇಗಿರುತ್ತದೆ? ಕಾಲಿನಿಂದ ನೆಲ ಕೆರೆದು ಕೆರೆದು ಗುಂಡಿ ಮಾಡಿದನಂತೆ.

ನೀರು ಕೊಡಲು ಲಾಯದವನು ಬಂದ. ಗಡ್ಡ ಎದೆಗೆ ಇಳಿದಿತ್ತು, ಮೈ ಇಳಿದುಹೋಗಿತ್ತು. ಆದರೆ ಕಿವಿಗಳು ಕುಸ್ತಿಯಲ್ಲಿ ಜಜ್ಜಿ ಮುದುಡಿದ ಕಿವಿಗಳು. ಭರಮಣ್ಣ ಆ ಕಿವಿ ನೋಡಿದ.

"ಅಣ್ಣಾ!"

ಅಡಿವೆಪ್ಪನ ಕೈಯಿಂದ ತಂಬಿಗೆ ಬಿತ್ತು. ಅವನು ತಿರುಗಿ ಕುದುರೆಯ ಮೈ ಉಜ್ಜತೊಡಗಿದ. ಕುದುರೆಗಳು ಏನೂ ಕೇಳುವುದಿಲ್ಲ ಅಂತ ಆ ಕೆಲಸಕ್ಕೆ ಸೇರಿಕೊಂಡಿದ್ದನಂತೆ. ಭರಮಣ್ಣ ಅವನ ಬೆನ್ನಿಗೇ ಎಲ್ಲ ಹೇಳಿದ. ತಂಗೆವ್ವ ಹೇಳಿ ಕಳಿಸಿದ್ದನ್ನು ಹೇಳಿದ. ಊರೂರು ತಿರುಗಿದ್ದನ್ನು ಹೇಳಿದ.

"ಏನಂತ ಹೇಳಿ ಹುಡುಕಿದಿ ನನ್ನ?"

"ಇದ್ದದ್ದನ್ನ ಹೇಳಿದೆ."

ಅಡಿವೆಪ್ಪ ತಿರುಗಿ ಬಂದು ತಮ್ಮನ ಕುತ್ತಿಗೆಗೆ ಕೈ ಹಾಕಿದ. "ನಾ ಊರು ಬಿಟ್ಟಿದ್ದು ಯಾರಿಗೂ ಗೊತ್ತಾಗಬಾರದಂತ. ನೀ ಸೀಮಿಗೆಲ್ಲಾ ಡಂಗುರ ಹೊಡದಿ!"

ಭರಮಣ್ಣ ಬಿಡಿಸಿಕೊಳ್ಳಲು ನೋಡಲಿಲ್ಲ. ಉಸಿರು ಸಿಕ್ಕಷ್ಟರಲ್ಲಿ ಅಂದ: "ಹೊಡದೆ, ಅಣ್ಣಾ. ತಪ್ಪಾತು. ಆದರ ನಿನ್ನ ಕಥಿ ಹೇಳಿದ ಊರಾಗೆಲ್ಲಾ ಒಬ್ಬ ನಂದೂ ಹಂಗ ಐತಿ ಅಂದ. ಒಂದೂ ಊರು ತಪ್ಪಲಿಲ್ಲ. ನೀ ಒಬ್ಬನ ಅನಕೊಂಡಿದ್ಯಲ್ಲ, ಒಬ್ಬನಲ್ಲ."

ಕುತ್ತಿಗೆ ಮೇಲಿನ ಕೈ ಸಡಿಲವಾಯಿತು. ಅಡಿವೆಪ್ಪ ಹುಲ್ಲಿನ ಮೇಲೆ ಕೂತ.

"ಬೆಳಗಾಗಿ ಏಳೂ ಹೊತ್ತಿನ್ಯಾಗ ಮೈ ಸರಿ ಇರತೈತೇನು?" ಅಂತ ಭರಮಣ್ಣ ಕೇಳಿದ.

"ಇರತೈತಿ," ಅಂದ ಅಡಿವೆಪ್ಪ, ನೆಲ ನೋಡುತ್ತಾ. "ಅದಕ್ಕ ಇನ್ನೂ ನಾಚಿಕಿ. ಬೇಕಾದಾಗ ಇಲ್ಲ, ಬ್ಯಾಡಾದಾಗ ಐತಿ."

"ಹಂಗಿದ್ದರ ನಿನಗ ಏನೂ ಆಗಿಲ್ಲ. ಹೆಣ್ಣು ಮುಟ್ಟಿದರ ಸತ್ತಿ ಅಂತ ಚಿಕ್ಕಂದಿನಿಂದ ಹೇಳಿದ್ರು. ಆಮ್ಯಾಲ ಬಾಗಿಲಾ ಮುಚ್ಚಿ ಹೊರಗ ಕೂತು ಹಾಡು ಹೇಳಿದ್ರು. ಯಾರಿದ್ರೂ ಹೆದರತಾರ."

ಅತ್ತ ವಾಡೆಯಲ್ಲಿ ಏನಾಯಿತು? ದೇಸಾಯರಿಗೆ ತ್ರಿವಿಕ್ರಮ ಭಟ್ಟರು ಅಂತ ವೈದ್ಯರಿದ್ದರು, ತಿಳಿದವರು. ಸಿಹಿಮೂತ್ರ ಅಂತ ಅವರಿಗೆ ಎಂದೋ ಗೊತ್ತಿತ್ತು. ಪಥ್ಯದ ಮಾತನ್ನಷ್ಟೇ ಹೇಳಿ, ಗಂಡಸ್ತನದ ಮಾತನ್ನು ಹೆದರಿ ನುಂಗಿಕೊಂಡಿದ್ದರು. ನಾಲಗೆ ಕೀಳಿಸುವ ಮಾತು ಕೇಳಿದ ಮೇಲೆ ಅವರಿಗೆ ಊಟ ಸೇರಲಿಲ್ಲ. ಕೊನೆಗೆ ದೇಸಾಯರ ಎದುರು ಬಂದು ನಿಂತರಂತೆ.

"ಆ ವಸ್ತಾದ ಹೇಳಿದ್ದು ಖರೆ ಅದ, ದೇಸಾಯರ. ಹೇಳಬೇಕಾದಾಂವ ನಾನು. ಕೀಳಿಸೂದಿದ್ದರ ನನ್ನ ನಾಲಿಗಿ ಕೀಳಿಸ್ರಿ, ಸುಮ್ಮನಿದ್ದದ್ದಕ್ಕ."

ದೇಸಾಯರು ಆ ದಿನವೆಲ್ಲ ಮುಳ್ಳು ಮುರಿದ ತಮ್ಮ ಕಾಲನ್ನೇ ನೋಡುತ್ತಾ ಕೂತಿದ್ದರಂತೆ. ಸಂಜೆಯ ಹೊತ್ತಿಗೆ ನೇಯುವವರ ಮನೆಗೆ ಆಳು ಕಳಿಸಿದರು: ಮದುವೆ ಇಲ್ಲ, ಹುಡುಗಿ ನಿಮ್ಮಲ್ಲೇ ಇರಲಿ. ಭರಮಣ್ಣನ ಕಟ್ಟು ಬಿಚ್ಚಿಸಿದರು. ಆಮೇಲೆ ಭಟ್ಟರು ಹೇಳಿದ ಹಾಗೆ ಉಂಡು, ದಿನಾ ಬೆಳಿಗ್ಗೆ ಹೊಲದ ಬದುವಿನ ಮೇಲೆ ನಡೆದರು. ಅವರಿಗೆ ಹೋದದ್ದು ತಿರುಗಿ ಬಂತು ಅಂತ ಕೆಲವರು ಹೇಳುತ್ತಾರೆ. ಬರಲಿಲ್ಲ, ಕಾಲು ಮಾತ್ರ ಉಳಿಯಿತು ಅಂತ ಕೆಲವರು ಹೇಳುತ್ತಾರೆ. ನಮ್ಮಜ್ಜ ಎರಡನೆಯದನ್ನೇ ಹೇಳುತ್ತಿದ್ದ. ಆದರೆ ಹಿತ್ತಲ ಮನೆಯ ಇಬ್ಬರು ಹೆಂಡಿರನ್ನು ಮುಂದಿನ ಬಾಗಿಲಿನಿಂದ ಒಳಗೆ ಕರೆದುಕೊಂಡರು ಅನ್ನುವುದರಲ್ಲಿ ಯಾರಿಗೂ ಎರಡು ಮಾತಿಲ್ಲ.

ಅಡಿವೆಪ್ಪ ತಮ್ಮನ ಜೊತೆ ಹೊರಟ, ಬೆಣಚಿನಾಳಕ್ಕಲ್ಲ, ತಂಗೆವ್ವನ ತವರಿಗೆ. ಅವಳು ಗುಡಿಸಿಲ ಮುಂದೆ ಜೋಳ ಹಸನು ಮಾಡುತ್ತಿದ್ದಳಂತೆ. ತಲೆ ಎತ್ತಿ ನೋಡಿದಳು. "ಗಡ್ಡ ಚಂದ ಕಾಣವಲ್ದು" ಅಂದಳು. ಅಷ್ಟೇ. ಇಬ್ಬರೂ ಹೊಳೆಯ ನಡುಗಡ್ಡೆಯಲ್ಲಿ ಕಲ್ಲಂಗಡಿ ಬಳ್ಳಿ ಹಾಕಿಕೊಂಡು ಇದ್ದರು. ಅಲ್ಲಿ ಹೊರಗೆ ಕೂರುವವರಿಲ್ಲ, ಮುಖ ನೋಡುವವರಿಲ್ಲ. ಮೊದಮೊದಲು ಅವರು ಬರೀ ಮಾತಾಡಿದರಂತೆ, ಕೈ ಹಿಡಿದು ಮಲಗಿದರಂತೆ, ಬೇರೇನೂ ಆಗಲೇಬೇಕು ಅಂತ ಇರಲಿಲ್ಲ. ಎಂದು ಸರಿಹೋಯಿತೋ ಯಾರೂ ಕೇಳಲಿಲ್ಲ. ಮುಂದೊಂದು ಬೇಸಿಗೆಯಲ್ಲಿ ತಂಗೆವ್ವ ಮಗುವನ್ನು ಸೊಂಟದ ಮೇಲೆ ಹೊತ್ತು ಸಂತೆಗೆ ಹಣ್ಣು ತಂದಾಗ ಊರಿಗೆ ತಿಳಿಯಿತು. ಅತ್ತೆ ಓಡಿ ಬಂದು ಮಗುವನ್ನು ಎತ್ತಿಕೊಂಡಳಂತೆ, ಸೊಸೆಯ ಮುಖ ನೋಡಲು ಮಾತ್ರ ಅವಳಿಂದ ಆಗಲಿಲ್ಲವಂತೆ.

ಭರಮಣ್ಣ ಬೆಣಚಿನಾಳಕ್ಕೆ ತಿರುಗಿ ಬಂದು ಅಲ್ಲಿನ ಗರಡಿಗೆ ವಸ್ತಾದನಾದ. ಗರಡಿಯಲ್ಲಿ ಹಳೆಯ ಪಾಠ ನಿಲ್ಲಿಸಿದ. ಹುಡುಗರಿಗೆ ಹೇಳುತ್ತಿದ್ದನಂತೆ: ಹೆಣ್ಣಿನಿಂದ ಶಕ್ತಿ ಹೋಗುವುದಿಲ್ಲ, ಹೋಗುವುದು ಸೆರೆಯಿಂದ, ತಂಬಾಕಿನಿಂದ, ನಿದ್ದೆಗೆಟ್ಟರೆ, ಮನಸ್ಸಿನಲ್ಲಿ ಮುಚ್ಚಿಟ್ಟುಕೊಂಡರೆ. ಆದರೆ ಅಣ್ಣ ಸಿಕ್ಕ ಮೇಲೂ ಅವನ ಕಾಲು ನಿಲ್ಲಲಿಲ್ಲ. ಎಲ್ಲೋ ಒಬ್ಬ ಗದಿಗೆಪ್ಪ ಎದೆ ತಿಕ್ಕಿಕೊಳ್ಳುತ್ತಿದ್ದಾನೆ ಅಂತ ಎದ್ದು ಹೋಗುತ್ತಿದ್ದ, ಬರುತ್ತಿದ್ದ, ಮತ್ತೆ ಹೋಗುತ್ತಿದ್ದ. ಒಂದು ಸಲ ಹೋದವನು ಬರಲಿಲ್ಲ. ಯಾವ ಊರಿನಲ್ಲಿ ಮಣ್ಣಾದನೋ ಗೊತ್ತಿಲ್ಲ. ತಮ್ಮ ಊರಿನಲ್ಲೇ ಅಂತ ಹೇಳುವ ಊರುಗಳು ಬಹಳ ಇವೆ.

ಈಗಲೂ ಬೆಣಚಿನಾಳದಲ್ಲಿ ಮದುವೆಯಾದರೆ, ಹೊಸ ಜೋಡಿಯನ್ನು ಮನೆ ತುಂಬಿಸಿಕೊಂಡ ಸಂಜೆ ಆ ಮನೆಯವರೆಲ್ಲ, ಅತ್ತೆ ಮಾವನ ಸಮೇತ, ಮನೆ ಬಿಟ್ಟು ಹೊರಗೆ ಬರುತ್ತಾರೆ. ಓಣಿಯವರೂ ಬರುತ್ತಾರೆ. ಎಲ್ಲರೂ ಗರಡಿಗೆ ಹೋಗಿ ಕುಸ್ತಿ ನೋಡುತ್ತಾರೆ, ಹಲಗಿ ವಾದ್ಯ ಬಾರಿಸುತ್ತಾರೆ, ಕೇಕೆ ಹಾಕುತ್ತಾರೆ. ಅದಕ್ಕೆ ಭರಮಣ್ಣನ ಕುಸ್ತಿ ಅಂತಾರೆ. ಮದುಮಕ್ಕಳು ಮನೆಯಲ್ಲಿ ಇಬ್ಬರೇ ಇರುತ್ತಾರೆ. ಮಾತಾಡುತ್ತಾರೋ, ನಿದ್ದೆ ಮಾಡುತ್ತಾರೋ, ಅದು ಅವರಿಗೆ ಬಿಟ್ಟದ್ದು. ಮರುದಿನ ಯಾವಳಾದರೂ ಮುದುಕಿ ಮದುಮಗಳ ಮುಖ ನೋಡಿ ಏನಾತವ್ವಾ ಅಂತ ಬಾಯಿ ತೆರೆದರೆ, ಪಕ್ಕದವಳು ಅವಳ ತೊಡೆ ಚಿವುಟುತ್ತಾಳೆ. ಮದುಮಗ ಗರಡಿಗೆ ಬಂದರೆ ಅಲ್ಲಿಯೂ ಯಾರೂ ಕೇಳುವುದಿಲ್ಲ. ವಸ್ತಾದ ಮಾತ್ರ ಎಣ್ಣೆ ಬಿಸಿ ಮಾಡಿ, "ಬಾ ತಮ್ಮಾ, ಬೋರಲ ಮಲಕೋ, ಬೆನ್ನು ತಿಕ್ಕತೇನಿ" ಅಂತ ಕರೆಯುತ್ತಾನೆ. ಹೇಳುವುದಿದ್ದರೆ ಹುಡುಗ ಹೇಳುತ್ತಾನೆ. ಇಲ್ಲದಿದ್ದರೆ ಬೆನ್ನು ಹಗುರ ಮಾಡಿಕೊಂಡು ಎದ್ದು ಮನೆಗೆ ಹೋಗುತ್ತಾನೆ.